ಹಳೇ ಟ್ರಾವೆಲರ್: ಒಂದೊಂದು ಕೌಶಲಕ್ಕೆ ಒಂದೊಂದು ಲೆಕ್ಕ ಎಂತಕ್ಕೆ?

ಕದ್ರಿಯವ: ನಾವು ನಾಲ್ವರು ಆದಿತ್ಯವಾರ 1977ರ ಟ್ರಾವೆಲರ್ (ದಾಳ ಹಾಕಿ ಬಾಹ್ಯಾಕಾಶದ ಪಾತ್ರಗಳಾಗಿ ಆಡುವ ಆಟ) ಆಡುವುದು. ವ್ಯಾಕ್ ಸೂಟ್‌ನಲ್ಲಿ, ಅಂದ್ರೆ ಬಾಹ್ಯಾಕಾಶದ ಉಡುಪಿನಲ್ಲಿ, ಅಪಾಯ ತಪ್ಪಿಸಲು ಎರಡು ದಾಳದಲ್ಲಿ 10 ಅಥವಾ ಹೆಚ್ಚು ಬೇಕು, ಕೌಶಲದ ಹಂತಕ್ಕೆ 4ರಂತೆ ಸೇರಿಸಬೇಕಂತೆ. ಬೇರೆ ಕೆಲವಕ್ಕೆ 1 ಮಾತ್ರ! ಗೋಳಿಬಜೆ ತಣ್ಣಗಾಯ್ತು, ಜಗಳ ಮುಗಿಯಲಿಲ್ಲ. ಎಲ್ಲದಕ್ಕೂ 8 ಬೇಕು, ಹಂತಕ್ಕೆ 1 ಸೇರಿಸುವುದು ಅಂತ ಇಟ್ಟರೆ ಆಗ್ತದಾ?

ಮಣಿಪಾಲ ದಾಳ: ಆಗ್ತದೆ ಮಾರಾಯ್ರೆ. ಮೊಂಗೂಸ್ ಕಂಪನಿಯವರು ಆಮೇಲೆ ತಂದ ಆವೃತ್ತಿಯಲ್ಲಿ ಹಾಗೇ ಉಂಟು: ಸಾಮಾನ್ಯಕ್ಕೆ 8, ಕಷ್ಟದ್ದಕ್ಕೆ 10, ಕಲಿಯದವನಿಗೆ 3 ಕಡಿತ.

ಮಲ್ಪೆ ಬೋಟು: ಸ್ವಲ್ಪ ನಿಲ್ಲಿ. ಹಂತ 1 ಇದ್ದವ ಹಳೇ ಲೆಕ್ಕದಲ್ಲಿ 36ರಲ್ಲಿ 26 ಸಲ ಬಚಾವ್, ನಿಮ್ಮ 8ರಲ್ಲಿ 21 ಸಲ. ಸೂಟು ಕಲಿತವನಿಗೆ ಆ 4 ಸಿಗಲೇಬೇಕು. ಅದೊಂದನ್ನು ಮುಟ್ಟಬೇಡಿ.

ಕದ್ರಿಯವ: ಅಯ್ಯೋ! ನನ್ನ ಇಂಜಿನಿಯರನಿಗೆ ಹಂತ 1 ಇತ್ತು, ಬಿದ್ದದ್ದು 7. ನಾವು 1 ಮಾತ್ರ ಸೇರಿಸಿ, 10 ಆಗಲಿಲ್ಲ ಅಂತ ಕೊಂದೇಬಿಟ್ಟೆವು. ಎರಡೂ ಲೆಕ್ಕದಲ್ಲಿ ಬದುಕ್ತಿದ್ದ!