ಹೊಳೆ ಊರೊಳಗೆ ಬಂದಿದೆ, ಬೆಂಗಳೂರಿಂದ ಏನು ಕಳಿಸೋದು?

ರಾಯಬಾಗದ ಅಳಿಯ:
ನಮ್ಮ ಸೋದರಮಾವನ ಊರು ರಾಯಬಾಗ ತಾಲ್ಲೂಕು, ಕೃಷ್ಣಾ ದಂಡೆಗೇ ಇದೆ. ಕುಡಚಿ–ಉಗಾರ ಸೇತುವೆ ಮೇಲೆ ನೀರು ಬಂದಿದೆಯಂತೆ. ಅತ್ತೆ, ಮಕ್ಕಳು ಶಾಲೆಯಲ್ಲಿ ತೆರೆದಿರುವ ಕಾಳಜಿ ಕೇಂದ್ರದಲ್ಲಿದ್ದಾರೆ. ಮಾವ ಮಾತ್ರ ಎಮ್ಮೆ ಬಿಟ್ಟು ಬರಲ್ಲ ಅಂತ ಊರಾಚೆ ದಿನ್ನೆ ಮೇಲೆ ಕೂತಿದ್ದಾರೆ. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ಎರಡೇ ದಿನದಲ್ಲಿ ಹನ್ನೊಂದು ಮೂಟೆ ಹಳೇ ಬಟ್ಟೆ, ಆರು ಬಾಕ್ಸ್ ಬಿಸ್ಕತ್ತು ಸೇರಿಸಿದ್ದಾರೆ. ಟೆಂಪೊ ಬಾಡಿಗೆಗೂ ದುಡ್ಡಿದೆ. ಇದನ್ನೇ ಕಳಿಸೋದಾ? ಮಾವನನ್ನು ಕೇಳಿದರೆ "ಏನೂ ಬ್ಯಾಡೋ" ಅಂತಾರೆ.

ಹೊಳೆಸಾಲಿನವಳು:
ಬಟ್ಟೆ ಮೂಟೆ ದಯವಿಟ್ಟು ಬೇಡ. 2019ರ ಆಗಸ್ಟಿನಲ್ಲಿ ನಾವು ಹದಿನೇಳು ದಿನ ಗಂಜಿ ಕೇಂದ್ರದಲ್ಲಿದ್ದೆವು (ಈಗಿನ ಹೆಸರು ಕಾಳಜಿ ಕೇಂದ್ರ, ನಮ್ಮವ್ವನ ಬಾಯಲ್ಲಿ ಇನ್ನೂ ಗಂಜಿ ಕೇಂದ್ರವೇ). ಆಗ ಬಂದ ಲಾರಿಯಲ್ಲಿ ಜೀನ್ಸ್ ಪ್ಯಾಂಟು, ಹರಿದ ನೈಟಿ, ಒಂದು ಮದುವೆ ಕೋಟು ಕೂಡ ಇತ್ತು. ಅವ್ವ ಇಳಕಲ್ ಸೀರೆ ಉಡುವವಳು. ಆ ನೈಟಿ ಎತ್ತಿ ನೋಡಿದಳು, ನಕ್ಕಳು, ಮಡಚಿ ಅಲ್ಲೇ ಇಟ್ಟಳು. ಮೂಟೆಗಳು ಅಂಗಳದಲ್ಲೇ ಮಳೆಗೆ ನೆಂದು ವಾಸನೆ ಹಿಡಿದವು, ಕೊನೆಗೆ ಅವನ್ನು ಸಾಗಿಸೋದೇ ಒಂದು ಕೆಲಸ ಆಯ್ತು. ಅನ್ನ ಸಾರು ಕೇಂದ್ರದಲ್ಲಿ ಸಿಗುತ್ತೆ. ಸಿಗದೇ ಇದ್ದದ್ದು ಪ್ಯಾಡ್, ಹೊಸ ಒಳಬಟ್ಟೆ, ಚಾಪೆ, ಸೊಳ್ಳೆಪರದೆ. ಮೊಬೈಲ್ ಚಾರ್ಜಿಗೆ ಅಷ್ಟು ಜನಕ್ಕೆ ಎರಡೇ ಪ್ಲಗ್ಗು, ಅದಕ್ಕೇ ಜಗಳ! ಮಾವ ಬೇಡ ಅಂದದ್ದು ಸಂಕೋಚಕ್ಕೆ ಇರಬೇಕು. "ಎಮ್ಮೆಗೆ ಏನ್ ಹಾಕ್ತೀರಿ" ಅಂತ ಕೇಳಿ ನೋಡಿ.

ಅಥಣಿ ಕಡೆಯವ:
ಅಕ್ಕ ಹೇಳಿದ್ದು ಸರಿ. ನಮ್ಮ ಕಡೆ ಜನ ಮನೆ ಬಿಡೋಕೆ ಒಪ್ಪದೇ ಇರೋದು ದನಕ್ಕಾಗಿ. ಹಾಗಂತ ಬೆಂಗಳೂರಿಂದ ಮೇವು ಹೊತ್ತು ತರಬೇಡಿ, ಬಾಡಿಗೆಯೇ ಜಾಸ್ತಿ ಆಗುತ್ತೆ. ನೀರು ಬರದ ಪಕ್ಕದ ಊರಲ್ಲಿ ಕಣಿಕೆ, ಹೊಟ್ಟು, ಹಿಂಡಿ ಸಿಗುತ್ತೆ, ನಂಬಿಕೆಯವರಿಗೆ ದುಡ್ಡು ಹಾಕಿ. ಜೊತೆಗೆ ದಪ್ಪನೆಯ ತಾಡಪತ್ರಿ ಬೇಕೇ ಬೇಕು.

ಇನ್ನೊಂದು ಮಾತು, ನಮ್ಮಲ್ಲಿ ಬಿಸಿಲು ಬಿದ್ದಿದೆ ಅಂತ ನಂಬಿ ಗಾಡಿ ಬಿಡಬೇಡಿ. ಮಳೆ ಆಗೋದು ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆ, ನೀರು ಬರೋದು ನಮ್ಮೂರಿಗೆ. ಅಲ್ಲಿನ ರಾಜಾಪುರ ಬ್ಯಾರೇಜಿನಿಂದ ಎಷ್ಟು ನೀರು ಬರುತ್ತಿದೆ ಅನ್ನೋದನ್ನು ಸ್ಥಳೀಯ ಸುದ್ದಿಯಲ್ಲಿ ದಿನಾ ಹೇಳ್ತಾರೆ, ಅದನ್ನು ನೋಡಿ, ಯಾವ ದಾರಿ ತೆರೆದಿದೆ ಅಂತ ಕೇಳಿಕೊಂಡು ಹೊರಡಿ.

ಮಣ್ಣಿನ ಗೋಡೆ:
ನೀರು ಇಳಿದ ಮೇಲೆ ಟೆಂಪೊಗಳು ಬರೋದು ನಿಲ್ಲುತ್ತವೆ. ನಿಜವಾದ ಕಷ್ಟ ಶುರುವಾಗೋದೇ ಆವಾಗ. ಬ್ಲೀಚಿಂಗ್ ಪೌಡರ್, ಕಸಬರಿಗೆ, ಸಲಿಕೆ, ಒಂದು ಸ್ಟೌ, ನಾಲ್ಕು ಪಾತ್ರೆ ಆಗ ಬೇಕು. ಅರ್ಧ ದುಡ್ಡು ಅದಕ್ಕೇ ಎತ್ತಿಡಿ.

ಮಾವನದು ಮಣ್ಣಿನ ಮನೆನಾ? ಹಾಗಿದ್ದರೆ ಇದನ್ನು ಮರೀಬೇಡಿ. ನೆಂದ ಗೋಡೆ ನೀರಿನಲ್ಲಿ ನಿಂತಿರುತ್ತೆ, ಬಿಸಿಲಿಗೆ ಒಣಗುವಾಗ ಬೀಳುತ್ತೆ. 2019ರಲ್ಲಿ ನಮ್ಮ ಮನೆಯ ಪಂಚನಾಮೆ ಆದಾಗ ಬರೀ ಬಿರುಕಿತ್ತು, ಭಾಗಶಃ ಹಾನಿ ಅಂತ ಬರೆದುಕೊಂಡರು. ಎಂಟು ದಿನಕ್ಕೆ ಪಡಸಾಲೆ ಗೋಡೆ ಪೂರ್ತಿ ಕುಸಿಯಿತು. ಆಗ ಸರ್ಕಾರದ ಪರಿಹಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಸಣ್ಣ ಹಾನಿಗೆ 50 ಸಾವಿರ. ಪಟ್ಟಿ ತಿದ್ದಿಸೋಕೆ ಅಪ್ಪ ಎಷ್ಟು ಸಲ ಓಡಾಡಿದರೋ ಲೆಕ್ಕ ಇಟ್ಟಿಲ್ಲ. ಆದ್ದರಿಂದ ಈಗಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ಆಮೇಲೆ ಬಿದ್ದರೆ ಮತ್ತೆ ಫೋಟೊ, ಮತ್ತೆ ಅರ್ಜಿ, ಅರ್ಜಿ ಕೊಟ್ಟಿದ್ದಕ್ಕೆ ಕಚೇರಿಯವರ ಸಹಿ. ದನ ಸತ್ತರೂ ಅಷ್ಟೇ, ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಬೇಕು.

ರಾಯಬಾಗದ ಅಳಿಯ:
ಮಾವನಿಗೆ ಫೋನ್ ಮಾಡಿದೆ. ಎಮ್ಮೆ ವಿಷಯ ತೆಗೆದಿದ್ದೇ ತಡ, ಹತ್ತು ನಿಮಿಷ ಮಾತಾಡಿದರು. ಮೂರು ದಿನದಿಂದ ಬರೀ ಕಬ್ಬಿನ ಸೋಗೆಯಂತೆ, ಹಾಲು ಅರ್ಧಕ್ಕಿಳಿದಿದೆಯಂತೆ. ಹೌದು, ಮಣ್ಣಿನ ಮನೆಯೇ. ಹಿಂಡಿಗೆ ಈಗಲೇ ದುಡ್ಡು ಹಾಕಿದೆ, ನಾಳೆ ತಾಡಪತ್ರಿ ಚಾಪೆ ಹೋಗುತ್ತೆ. ಬಿಸ್ಕತ್ತು ಮಕ್ಕಳಿಗಿರಲಿ. ಹನ್ನೊಂದು ಮೂಟೆ ವಾಪಸ್ ಅಂತ ಅಪಾರ್ಟ್‌ಮೆಂಟಿನ ಆಂಟಿಯರಿಗೆ ಹೇಗೆ ಹೇಳೋದು ಅಂತ ಯಾರಾದರೂ ಹೇಳಿಕೊಡಿ.