ಅಪ್‌ಡೇಟ್: ಕೋಕ್ ಕುಲುಮೆ ಬದಲಿಗೆ ಇಂಡಕ್ಷನ್, ಸಬ್ಸಿಡಿ ಕಥೆ ಎಲ್ಲಿಗೆ ಬಂತು

ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಸಣ್ಣ ಫೌಂಡ್ರಿಯಲ್ಲಿ (ಕಬ್ಬಿಣ ಕರಗಿಸಿ ಎರಕ ಹೊಯ್ಯೋ ಕಾರ್ಖಾನೆ) ಕೋಕ್, ಅಂದ್ರ ಕಲ್ಲಿದ್ದಲಿನಿಂದ ಮಾಡಿದ ಇಂಧನ, ಸುಡೋ ಕುಪೋಲಾ ಕುಲುಮೆ ತೆಗೆದು ಕರೆಂಟಿನ ಮ್ಯಾಲ ನಡೆಯೋ ಇಂಡಕ್ಷನ್ ಫರ್ನೇಸ್ ಹಾಕಬೇಕು, ಸರ್ಕಾರದ ರೊಕ್ಕ ಸಿಗ್ತದೇನು ಅಂತ ಮಳೆಗಾಲದಾಗ ಇಲ್ಲೇ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಶರಣ್ರಿ.

ಕೈಗೆ ರೊಕ್ಕ ಬರ್ತದ ಅಂದ್ಕೊಂಡಿದ್ದೆ, ಆ ಭ್ರಮೆ ಹರೀತು. ಸಣ್ಣ ಉದ್ಯಮಗಳಿಗೆ ಸಾಲ ಕೊಡೋ ಸರ್ಕಾರಿ ಬ್ಯಾಂಕ್ ಸಿಡ್ಬಿ ಮೂಲಕ ನಡೆಯೋ, ಹಸಿರು ತಂತ್ರಜ್ಞಾನಕ್ಕಂತ ಇರೋ ಕೇಂದ್ರದ ‘ಗಿಫ್ಟ್’ ಯೋಜನೆ ಹೆಸರಿಗಷ್ಟೇ ಗಿಫ್ಟ್. ಸಾಲ ನಾವೇ ತಗೋಬೇಕು. 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 2 ರಿಯಾಯಿತಿ, ಹೆಚ್ಚಂದ್ರ 5 ವರ್ಷ. ಯಂತ್ರಕ್ಕೇ ಶೇ 25 ಸಬ್ಸಿಡಿ, ಗರಿಷ್ಠ 12.5 ಲಕ್ಷ, ಇರೋದು ಕೇಂದ್ರದ್ದೇ ಇನ್ನೊಂದು ಯೋಜನೆ ‘ಸ್ಪೈಸ್’ನಲ್ಲಿ. ಆದ್ರ ಅದು ಪ್ಲಾಸ್ಟಿಕ್, ರಬ್ಬರ್, ಇ-ತ್ಯಾಜ್ಯ ಮರುಬಳಕೆಯವರಿಗೆ. ತಾರಿಹಾಳದಾಗ ಪ್ಲಾಸ್ಟಿಕ್ ಕೆಲಸ ಮಾಡೋ ಗೆಳೆಯಾಗ ಹೇಳೀನಿ, ಅವನರ ತಗೊಳ್ಳಲಿ.

ಸಣ್ಣ ಉದ್ಯಮಗಳ ಗುಣಮಟ್ಟಕ್ಕ, ಪರಿಸರ ಕಾಳಜಿಗೆ ಸರ್ಕಾರ ಕೊಡೋ ‘ಜೆಡ್’ ಬ್ರಾಂಜ್ ಸರ್ಟಿಫಿಕೇಟ್ ಮಾತ್ರ ಸಲೀಸು. ಸಣ್ಣ ಉದ್ಯಮ ಅಂತ ಸರ್ಕಾರದಾಗ ಮಾಡಿಸೋ ಉದ್ಯಮ್ ನೋಂದಣಿ ಇತ್ತು. 10,000 ಶುಲ್ಕದಾಗ ಸೂಕ್ಷ್ಮ ಉದ್ಯಮಕ್ಕೆ ಶೇ 80 ಬಿಟ್ಟರು.

ಬ್ಯಾಂಕ್ ಮ್ಯಾನೇಜರ್ ಸಾಹೇಬ್ರು ಕೊಟೇಶನ್ ನೋಡೋಕಿಂತ ಮೊದ್ಲ ಕೇಳಿದ್ದು, “ಒಂದು ಟನ್ ಬೀಡು ಕಬ್ಬಿಣ ಕರಗಿಸೋಕೆ ಕೋಕ್ ಎಷ್ಟು ಸುಡ್ತೀರಿ?” ನಮ್ಮಲ್ಲಿ ಲೆಕ್ಕಾನೇ ಇರಲಿಲ್ಲ! ಅಪ್ಪ ಬುಟ್ಟಿ ಎಣಿಸಿ ಹಾಕಿಸ್ತಿದ್ರು. ಹದಿನೈದು ದಿನ ತೂಗಿ ಬರ್ಕೊಂಡು ಕೊಟ್ಟೆ. ಇಂಡಕ್ಷನ್‌ದಾಗ ಟನ್ನಿಗೆ 600 ಯೂನಿಟ್ ಆಸುಪಾಸು ಕರೆಂಟ್ ಬೇಕು, ಹಂಗಾಗಿ ನಮ್ಮ ಕರೆಂಟ್ ಕಂಪನಿ ಹೆಸ್ಕಾಂನಲ್ಲಿ ಲೋಡ್ ಏರಿಸೋ ಅರ್ಜಿನೂ ಹಾಕೀನಿ. ನಾ ಮೊದಲು ಲೆಕ್ಕಕ್ಕೇ ಹಿಡಿಯದ ಖರ್ಚು ಅದು.

‘ಎಲ್ಲಾ ಮಾಡಿಸಿ ಕೊಡ್ತೀನಿ’ ಅಂದ ಏಜೆಂಟ್ ಒಬ್ಬ ಶೇ 10 ಕೇಳಿದ. ಚಾ ಕುಡಿಸಿ ಕಳಿಸಿದೆ.

ಸಾಲದ ಫೈಲ್ ಇನ್ನೂ ಬ್ಯಾಂಕಿನಾಗ ಅದ.