ಇಂಕ್‌ಸ್ಕೇಪ್‌ನ ಎಸ್‌ವಿಜಿ ಜಿಜಿಪ್ಲಾಟ್ ಒಳಗೆ ಬರುತ್ತಿಲ್ಲ

ತೆನೆಗಾರ:
ನಮಸ್ಕಾರ. ಭತ್ತದ ಇಳುವರಿಯ ಗ್ರಾಫನ್ನು ಆರ್ ಎಂಬ ಅಂಕಿಅಂಶ ಭಾಷೆಯ ಗ್ರಾಫ್ ಪ್ಯಾಕೇಜ್ ಜಿಜಿಪ್ಲಾಟ್2ನಲ್ಲಿ ಮಾಡಿದ್ದೇನೆ. ಮೂಲೆಯಲ್ಲಿ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದ ತೆನೆಯ ಚಿತ್ರ ಕೂರಿಸಬೇಕು. ಪಿಎನ್‌ಜಿ (ಪಿಕ್ಸೆಲ್ ಚಿತ್ರ) ಹಾಕಿದರೆ ಪೋಸ್ಟರ್ ಅಳತೆಗೆ ಹಿಗ್ಗಿಸಿದಾಗ ಅಂಚು ಒಡೆಯುತ್ತದೆ. ಚಿತ್ರ ಒಳತರುವ ಜಿಆರ್‌ಇಂಪೋರ್ಟ್2 ಪ್ಯಾಕೇಜಿನ ರೀಡ್‌ಪಿಕ್ಚರ್ ಫಂಕ್ಷನ್‌ಗೆ ಎಸ್‌ವಿಜಿ (ರೇಖೆಗಳಾಗಿ ಉಳಿಸಿದ, ಹಿಗ್ಗಿಸಿದರೂ ಒಡೆಯದ ಚಿತ್ರ) ಕೊಟ್ಟರೆ ಎರರ್ ಬರುತ್ತಿದೆ. ಏನು ತಪ್ಪು?

ರೇಖಾಗಣಿತ:
ನಿಮ್ಮ ಫೈಲ್ ಸರಿಯಾಗಿಯೇ ಇದೆ. ಆ ಪ್ಯಾಕೇಜ್ ಓದುವುದು ಕೈರೋ ಎಂಬ ಗ್ರಾಫಿಕ್ಸ್ ಲೈಬ್ರರಿ ಬರೆದ ಎಸ್‌ವಿಜಿಯನ್ನು ಮಾತ್ರ. ಇಂಕ್‌ಸ್ಕೇಪ್ ಬರೆಯುವ ರೀತಿ ಬೇರೆ. ಮೊದಲು ಆರ್‌ಎಸ್‌ವಿಜಿ ಪ್ಯಾಕೇಜಿನ ಆರ್‌ಎಸ್‌ವಿಜಿ_ಎಸ್‌ವಿಜಿ ಫಂಕ್ಷನ್‌ಗೆ ಮೂಲ ಫೈಲ್ ಕೊಟ್ಟು, ಬೇರೆ ಹೆಸರಲ್ಲಿ ಹೊಸ ಎಸ್‌ವಿಜಿ ಬರೆಸಿಕೊಳ್ಳಿ. ಅದನ್ನು ರೀಡ್‌ಪಿಕ್ಚರ್‌ನಲ್ಲಿ ಓದಿ, ಪಿಕ್ಚರ್‌ಗ್ರಾಬ್‌ನಿಂದ ಗ್ರಾಬ್ (ಗ್ರಾಫಿನೊಳಗೆ ಕೂರಿಸಬಹುದಾದ ಚಿತ್ರವಸ್ತು) ಮಾಡಿ, ಜಿಜಿಪ್ಲಾಟ್2ರ ಆನೋಟೇಶನ್_ಕಸ್ಟಮ್‌ಗೆ ಕೊಡಿ. ಹಳೆಯ ಜಿಆರ್‌ಇಂಪೋರ್ಟ್‌ನಲ್ಲೂ ರೀಡ್‌ಪಿಕ್ಚರ್ ಎಂಬುದೇ ಇದೆ; ಎರಡೂ ಲೋಡ್ ಆಗಿದ್ದರೆ ಪ್ಯಾಕೇಜಿನ ಹೆಸರು ಸೇರಿಸಿಯೇ ಕರೆಯಿರಿ.

ಆನೋಟೇಶನ್_ಕಸ್ಟಮ್‌ನ ಎಕ್ಸ್‌ಮಿನ್, ಎಕ್ಸ್‌ಮ್ಯಾಕ್ಸ್ ಇತ್ಯಾದಿ ಅಕ್ಷದ ಬೆಲೆಗಳು, ಸೆಂಟಿಮೀಟರ್ ಅಲ್ಲ. ಕೊಟ್ಟ ಚೌಕ ಉದ್ದವಾಗಿದ್ದರೂ ಚಿತ್ರ ಹಿಗ್ಗುವುದಿಲ್ಲ, ತನ್ನ ಅನುಪಾತ ಉಳಿಸಿಕೊಂಡು ನಡುವೆ ನಿಲ್ಲುತ್ತದೆ. ತೀರಾ ಚಿಕ್ಕದಾಗಿ ಕಂಡರೆ ಇಂಕ್‌ಸ್ಕೇಪ್ ಹಾಳೆಯ ಖಾಲಿ ಜಾಗವೂ ಜೊತೆಗೆ ಬಂದಿರುತ್ತದೆ: ಕಂಟ್ರೋಲ್+ಶಿಫ್ಟ್+ಆರ್ ಒತ್ತಿ ಹಾಳೆಯನ್ನು ಚಿತ್ರದಷ್ಟಕ್ಕೇ ಕುಗ್ಗಿಸಿ ಉಳಿಸಿ.

ಫ್ಯಾಸೆಟ್ (ಗ್ರಾಫನ್ನು ಹಲವು ಫಲಕಗಳಾಗಿ ಒಡೆಯುವುದು) ಇದ್ದರೆ ತೆನೆ ಪ್ರತಿ ಫಲಕದಲ್ಲೂ ಬರುತ್ತದೆ. ಒಂದೇ ಸಾಕು ಎಂದಾದರೆ ಪ್ಯಾಚ್‌ವರ್ಕ್ ಪ್ಯಾಕೇಜಿನ ಇನ್‌ಸೆಟ್_ಎಲಿಮೆಂಟ್ ಒಳ್ಳೆಯದು. ಅಲ್ಲಿ ಅಳತೆ ಅಕ್ಷದ ಬೆಲೆಯಲ್ಲ, ಒಟ್ಟು ಜಾಗದ ಪಾಲು: 0ರಿಂದ 1ರವರೆಗೆ.

ಕುಂಚ:
ಮೇಲಿನದಕ್ಕೆ ಸೇರಿಸುವುದು: ತೆನೆಗೆ ನೆರಳು, ಬ್ಲರ್ ಹಾಕಿದ್ದೀರಾ? ಪರಿವರ್ತನೆಯಲ್ಲಿ ಅಂಥ ಫಿಲ್ಟರ್ ಪಿಕ್ಸೆಲ್ ಚಿತ್ರವಾಗಿಬಿಡುತ್ತದೆ, ಅಂದರೆ ಪಿಎನ್‌ಜಿಯ ಕಷ್ಟ ಮತ್ತೆ ಹಿಂಬಾಗಿಲಿನಿಂದ ಬಂತು. ಹೊಸ ಎಸ್‌ವಿಜಿಯನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಇಮೇಜ್ ಟ್ಯಾಗ್ ಹುಡುಕಿ. ಸಿಕ್ಕರೆ ಮೂಲದಲ್ಲಿ ಫಿಲ್ಟರ್ ತೆಗೆಯಿರಿ. ಗ್ರೇಡಿಯೆಂಟ್ (ಮೆಲ್ಲಗೆ ಬದಲಾಗುವ ಬಣ್ಣ) ಕೂಡ ಮಾಮೂಲಿ ಸೆಟ್ಟಿಂಗಿನಲ್ಲಿ ನಂಬುವಂತಿಲ್ಲ. ಎರಡು ಮೂರು ಸಮಬಣ್ಣದ ಪದರಗಳೇ ಕ್ಷೇಮ, ಅಚ್ಚಿನಲ್ಲೂ ಅವೇ ಚೆನ್ನಾಗಿ ಕಾಣುತ್ತವೆ.

ಚಿತ್ರದಲ್ಲಿ ಕನ್ನಡ ಅಕ್ಷರ ಇದ್ದರೆ ಮೊದಲೇ ಶಿಫ್ಟ್+ಕಂಟ್ರೋಲ್+ಸಿ ಒತ್ತಿ ಪಾತ್ (ಬರಿಯ ರೇಖೆ) ಮಾಡಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರದ ಜಾಗಕ್ಕೆ ಡಬ್ಬಿಗಳು ಬರಬಹುದು. ಗ್ರಾಫಿನ ಶೀರ್ಷಿಕೆಯೂ ಕನ್ನಡದಲ್ಲಿದ್ದರೆ ಗ್ರಾಫ್ ಉಳಿಸುವ ಜಿಜಿಸೇವ್‌ಗೆ ಡಿವೈಸ್ ಆಗಿ ಕೈರೋ_ಪಿಡಿಎಫ್ ಕೊಡಿ. ಮಾಮೂಲಿ ಪಿಡಿಎಫ್ ಡಿವೈಸ್ ಅಕ್ಷರದ ಬದಲು ಚುಕ್ಕಿ ಇಡುತ್ತದೆ.

ತೆನೆಗಾರ:
ಬಂತು, ಧನ್ಯವಾದ. ನೆರಳು ತೆಗೆದೆ. ಇದೇ ತೆನೆಯನ್ನು ಸ್ಕ್ಯಾಟರ್ (ಚುಕ್ಕಿಗಳ) ಗ್ರಾಫಿನ 200 ಬಿಂದುಗಳಿಗೂ ಹಾಕಬಹುದೇ?

ರೇಖಾಗಣಿತ:
ಹಾಕಬಹುದು, ಆದರೆ ತೆನೆಯಲ್ಲಿ 1500 ನೋಡ್ (ರೇಖೆಯ ಆಕಾರ ಹಿಡಿದಿಡುವ ಬಿಂದು) ಇದ್ದರೆ ಪಿಡಿಎಫ್‌ನಲ್ಲಿ 3 ಲಕ್ಷ ನೋಡ್ ಆಗುತ್ತದೆ, ತೆರೆಯಲು ತಿಣುಕುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್+ಎಲ್ ಒತ್ತಿ ನೋಡ್ ಕಡಿಮೆ ಮಾಡಿ. 4 ಮಿಲಿಮೀಟರಿನ ಬಿಂದುವಿನಲ್ಲಿ ಕಾಳುಗಳ ವಿವರ ಯಾರಿಗೂ ಕಾಣದು, ಹೊರರೇಖೆ ಸಾಕು.